ಕನ್ನಡದ ಅಕ್ಷರ ಎಣಿಸುವ ಎಕ್ಸ್‌ಟೆನ್ಷನ್: ಟೆಸ್ಟ್ ಕೋಡ್ ಓದಿದ ಮೇಲೆ

ಕೋಡ್ ಮತ್ತು ಪಠ್ಯ ಬರೆಯುವ ವಿಎಸ್ ಕೋಡ್ ಎಡಿಟರ್‌ನಲ್ಲಿ ಕನ್ನಡ ಪಠ್ಯದ ಅಕ್ಷರಗಳನ್ನು ಎಣಿಸಿ ತೋರಿಸುವ ಮುಕ್ತ ತಂತ್ರಾಂಶದ ಎಕ್ಸ್‌ಟೆನ್ಷನ್ (ಎಡಿಟರ್‌ಗೆ ಸೇರಿಸಿಕೊಳ್ಳುವ ಚಿಕ್ಕ ತಂತ್ರಾಂಶ) ಒಂದನ್ನು, ಹಳೆಯ ಪದ್ಯಗಳನ್ನು ಟೈಪ್ ಮಾಡಿ ತಿದ್ದುವ ಕೆಲಸಕ್ಕಾಗಿ ಎರಡು ವಾರಗಳಿಂದ ಬಳಸುತ್ತಿದ್ದೇನೆ. ಒತ್ತಕ್ಷರಗಳು ಹೆಚ್ಚಿರುವ ಸಾಲುಗಳಲ್ಲಿ ಲೆಕ್ಕ ತಪ್ಪುತ್ತಿದ್ದುದರಿಂದ ಅದರ ಟೆಸ್ಟ್ ಕೋಡನ್ನು, ಅಂದರೆ ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುವ ಕೋಡನ್ನು, ಪೂರ್ತಿಯಾಗಿ ಓದಿದೆ.

ಕೋಡಿನ ವಿಂಗಡಣೆ ಚೆನ್ನಾಗಿದೆ. ಎಣಿಕೆಯ ಫಂಕ್ಷನ್‌ಗಳನ್ನು ಎಡಿಟರ್‌ನ ಎಪಿಐಯಿಂದ (ಎಡಿಟರ್ ಜೊತೆ ವ್ಯವಹರಿಸುವ ಕೋಡಿನ ಕೊಂಡಿಯಿಂದ) ಬೇರ್ಪಡಿಸಿರುವುದರಿಂದ ಹೆಚ್ಚಿನ ಟೆಸ್ಟ್‌ಗಳು ಟೆಸ್ಟ್ ಓಡಿಸುವ ಮೋಕಾ ಎಂಬ ಸಾಧನವೊಂದರಲ್ಲೇ ಕ್ಷಣಾರ್ಧದಲ್ಲಿ ಓಡುತ್ತವೆ; ನಿಜವಾದ ಎಡಿಟರ್ ತೆರೆಯಬೇಕಾದವು ಕೆಲವೇ ಇದ್ದು, ಪರದೆಯಿಲ್ಲದ ಲಿನಕ್ಸ್ ಸರ್ವರ್‌ನಲ್ಲಿಯೂ ಅವು ನಡೆಯುವಂತೆ ಮೆಮೊರಿಯಲ್ಲೇ ಕಾಲ್ಪನಿಕ ಪರದೆ ಒದಗಿಸುವ ಎಕ್ಸ್‌ವಿಎಫ್‌ಬಿ ಬಳಸಿದ್ದಾರೆ.

ಕೊರತೆಯಿರುವುದು ಮಾದರಿ ಪದಗಳ ಆಯ್ಕೆಯಲ್ಲಿ. ಎಣಿಕೆಯ ಟೆಸ್ಟ್‌ಗಳಲ್ಲಿ ಇರುವುದು 'ಕಮಲ', 'ಬಸವ', 'ಗಗನ' ಎಂಬಂಥ ಪದಗಳು. ಇವುಗಳಲ್ಲಿ ಅಕ್ಷರಗಳೂ ಮೂರು, ಯೂನಿಕೋಡ್ ಸಂಕೇತಗಳೂ (ಕಂಪ್ಯೂಟರ್ ಪಠ್ಯವನ್ನು ಉಳಿಸುವ ಬಿಡಿ ಘಟಕಗಳೂ) ಮೂರು; ಹಾಗಾಗಿ ಫಂಕ್ಷನ್ ಸ್ಟ್ರಿಂಗ್‌ನ ಉದ್ದವನ್ನೇ, ಅಂದರೆ ಪಠ್ಯದ ಸಂಕೇತಗಳ ಸಂಖ್ಯೆಯನ್ನೇ, ಹಿಂದಿರುಗಿಸಿದರೂ ಟೆಸ್ಟ್ ಪಾಸಾಗುತ್ತದೆ. 'ಸ್ತ್ರೀ' ಎಂಬ ಪದವನ್ನು ಕೊಟ್ಟು ನೋಡಿದೆ. ಸ, ಹಲಂತ, ತ, ಹಲಂತ, ರ, ದೀರ್ಘದ ಚಿಹ್ನೆ ಎಂದು ಆರು ಸಂಕೇತಗಳು ಸೇರಿ ಆಗುವುದು ಒಂದೇ ಅಕ್ಷರ. ಉತ್ತರ ಮೂರು ಎಂದು ಬಂತು. 'ಸಾಫ್ಟ್‌ವೇರ್' ಎಂಬಲ್ಲಿ ಟಕಾರಕ್ಕೆ ವಕಾರ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಸಂಕೇತವನ್ನು ಯಾವ ಟೆಸ್ಟೂ ಗಮನಿಸಿಲ್ಲ. 'ಕೋ' ಎಂಬುದನ್ನು ಎರಡು ಸಂಕೇತಗಳಲ್ಲಿಯೂ ಬಿಡಿಸಿ ನಾಲ್ಕು ಸಂಕೇತಗಳಲ್ಲಿಯೂ ಬರೆಯಬಹುದು, ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಎರಡಕ್ಕೂ ಒಂದೇ ಲೆಕ್ಕ ಬರುತ್ತದೆಯೇ ಎಂಬ ಪರೀಕ್ಷೆಯೂ ಇಲ್ಲ.

ಅಕ್ಷರ ಬಿಡಿಸುವ ಕೆಲಸವನ್ನು, ಯೂನಿಕೋಡ್ ನಿಯಮಗಳಂತೆ ಪಠ್ಯವನ್ನು ತುಂಡರಿಸುವ ಜಾವಾಸ್ಕ್ರಿಪ್ಟ್‌ನ ಸೆಗ್ಮೆಂಟರ್‌ಗೆ ಒಪ್ಪಿಸಿರುವುದೇ ತಪ್ಪು ಲೆಕ್ಕದ ಮೂಲ. 2023ರಲ್ಲಿ ಬಂದ ಯೂನಿಕೋಡ್ 15.1 ಆವೃತ್ತಿಯು ದೇವನಾಗರಿ, ತೆಲುಗು, ಮಲಯಾಳಂ ಮುಂತಾದ ಲಿಪಿಗಳ ಒತ್ತಕ್ಷರಗಳನ್ನು ಒಡೆಯದಂತೆ ನಿಯಮವೊಂದನ್ನು ಸೇರಿಸಿದಾಗ ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಅದರಂತೆ 'ಕ್ಷ' ಎಂಬುದು 'ಕ್' ಮತ್ತು 'ಷ' ಎಂದು ಎರಡಾಗುತ್ತದೆ. ಕನ್ನಡಕ್ಕಾಗಿಯೇ ಮಾಡಿದ ಎಕ್ಸ್‌ಟೆನ್ಷನ್ ಈ ಜಾಗದಲ್ಲಿ ಎಡವಬಾರದಿತ್ತು ಎಂಬುದು ನನ್ನ ನಿಜವಾದ ಬೇಸರ.

ಇನ್ನೊಂದು ದೋಷ ಚಿಕ್ಕದಾದರೂ ಅಪಾಯದ್ದು. ಕರ್ಸರ್ ಸರಿಸುವ ಎರಡು ಟೆಸ್ಟ್‌ಗಳಲ್ಲಿ ಕಮಾಂಡ್‌ಗೆ ಮೊದಲು ಬರಬೇಕಾದ, ಅದು ಮುಗಿಯುವವರೆಗೆ ಕಾಯಿಸುವ 'ಅವೇಟ್' ಬಿಟ್ಟುಹೋಗಿದೆ, ಹೋಲಿಕೆಯ ಸಾಲು ಕಮಾಂಡ್ ಮುಗಿದ ಮೇಲೆ ಓಡುವ 'ದೆನ್' ಒಳಗಿದೆ, ಆ ಪ್ರಾಮಿಸನ್ನು (ಮುಂದೆ ಬರಲಿರುವ ಫಲಿತಾಂಶದ ಪ್ರತಿನಿಧಿಯನ್ನು) ಮೋಕಾಗೆ ಹಿಂದಿರುಗಿಸಿಯೂ ಇಲ್ಲ. ಹೀಗಾಗಿ ಹೋಲಿಕೆ ನಡೆಯುವ ಮೊದಲೇ ಟೆಸ್ಟ್ ಮುಗಿದುಹೋಗುತ್ತದೆ. ಎಕ್ಸ್‌ಟೆನ್ಷನ್‌ನ ಕೋಡಿನಲ್ಲಿ ಕರ್ಸರ್ ಸರಿಸುವ ಸಾಲನ್ನೇ ಅಳಿಸಿ ಟೆಸ್ಟ್ ಓಡಿಸಿದೆ. ಎರಡರ ಮುಂದೆಯೂ ಪಾಸಾದ ಹಸಿರು ಗುರುತೇ ಬಂತು.

ಸರಳ ಗದ್ಯದಲ್ಲಿ ಪದ ಎಣಿಸುವವರು ಇದನ್ನು ಈಗಲೇ ಹಾಕಿಕೊಳ್ಳಬಹುದು. ಛಂದಸ್ಸಿನ ಕೆಲಸಕ್ಕೆ ಸದ್ಯ ಬೇಡ. ಮೇಲಿನ ಪದಗಳನ್ನು ಸೇರಿಸಿ ಬರೆದ ಹನ್ನೆರಡು ಟೆಸ್ಟ್‌ಗಳನ್ನು ನಿರ್ವಾಹಕರಿಗೆ ಕಳುಹಿಸಿದ್ದೇನೆ. ಈಗಿನ ಕೋಡಿನಲ್ಲಿ ಅವುಗಳ ಪೈಕಿ ಒಂಬತ್ತು ಫೇಲ್ ಆಗುತ್ತವೆ.