ಡೋಜರಿನ ಚೈನ್ ರಿಪೇರಿಗೆ ಕೊಡುವ ಮೊದಲು ಪ್ಯಾಡ್ ಎಣಿಸಿ ಇಟ್ಕೊಳ್ಳಿ

ಇದನ್ನು ಬರೆಯುದಾ ಬೇಡ್ವಾ ಅಂತ ಹದಿನೈದು ದಿನದಿಂದ ಯೋಚನೆ ಮಾಡ್ತಾ ಇದ್ದೆ. ನಾಚಿಕೆ ಆಗ್ತದೆ, ಅದಕ್ಕೇ. ಆದ್ರೆ ನಿನ್ನೆ ಮುಳ್ಳೇರಿಯ ಕಡೆಯ ಪರಿಚಯದವ್ರೊಬ್ರು ಫೋನ್ ಮಾಡಿ, "ನಮ್ಮ ಡೋಜರಿನ ಚೈನ್ ಲೂಸ್ ಆಗಿದೆ, ನೀವು ಆಟಿ ತಿಂಗಳಲ್ಲಿ ಮಾಡಿಸಿದ್ರಲ್ಲ, ಅಲ್ಲಿಗೇ ಕೊಡುವಾ ಅಂತ ಉಂಟು" ಅಂದ್ರು. ಬೇಡ ಬೇಡ ಅಂತ ಹೇಳಿ ಫೋನ್ ಇಟ್ಟೆ, ಯಾಕೆ ಅಂತ ಪೂರ್ತಿ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ರಾತ್ರಿ ನಿದ್ದೆ ಇಲ್ಲ. ನನ್ನ ಗಾಡಿ ನೋಡಿ ಇನ್ನೆಷ್ಟು ಜನ ಅಲ್ಲಿಗೆ ಹೋಗ್ತಾರೋ. ಹಾಗಾಗಿ ಬರೀತಾ ಇದ್ದೇನೆ. ವರ್ಕ್‌ಶಾಪಿನ ಹೆಸರು ಹಾಕುದಿಲ್ಲ, ನಡೆದದ್ದು ಮಾತ್ರ ಒಂದೂ ಬಿಡುದಿಲ್ಲ.

ನಮ್ಮದು ಹಳೆ ಬಿಇಎಂಎಲ್ ಡಿ-50 ಡೋಜರ್, ಚಕ್ರದ ಬದಲು ಕಬ್ಬಿಣದ ಚೈನಿನ ಮೇಲೆ ಓಡುದು. ಅಪ್ಪ ಸೆಕೆಂಡ್ ಹ್ಯಾಂಡ್ ತಕ್ಕೊಂಡದ್ದು, ಈಗ ನಾನು ನೋಡ್ಕೊಳ್ಳುದು. ಅಡಿಕೆ ತೋಟಕ್ಕೆ, ರಬ್ಬರಿಗೆ ಗುಡ್ಡೆ ತಟ್ಟು ಮಾಡುದು, ಮೈದಾನ ಲೆವೆಲ್ ಮಾಡುದು, ಅದೇ ಕೆಲಸ. ಈಗ ಎಲ್ಲದಕ್ಕೂ ಹಿಟಾಚಿ ಕರೀತಾರೆ, ಆದ್ರೂ ದೊಡ್ಡ ಜಾಗ ಸಮ ಮಾಡ್ಲಿಕ್ಕೆ ಡೋಜರೇ ಆಗ್ಬೇಕು. ನಮ್ಮ ಕಡೆಯ ಮುರಕಲ್ಲು ಎಂಥದ್ದು ಅಂತ ನಿಮಗೆ ಗೊತ್ತುಂಟಲ್ಲ, ಚೈನನ್ನು ಅರ ಹಾಕಿ ಉಜ್ಜಿದ ಹಾಗೆ ತಿಂತದೆ. ಡೋಜರ್ ಇಟ್ಕೊಂಡವ್ರ ರಿಪೇರಿ ಖರ್ಚಿನಲ್ಲಿ ಸುಮಾರು ಅರ್ಧ ಕೆಳಗಿನ ಭಾಗಕ್ಕೇ ಹೋಗ್ತದೆ, ಚೈನ್, ಅದಕ್ಕೆ ಆಧಾರ ಕೊಡುವ ರೋಲರ್, ಎದುರಿನ ಚಕ್ರ ಐಡ್ಲರ್, ಚೈನ್ ತಿರುಗಿಸುವ ಹಲ್ಲಿನ ಚಕ್ರ ಸ್ಪ್ರಾಕೆಟ್ ಇಷ್ಟಕ್ಕೇ.

ಕಳೆದ ಬೇಸಿಗೆಯಲ್ಲಿ ಚೈನ್ ಜೋಲ್ಲಿಕ್ಕೆ ಶುರುವಾಯ್ತು. ಮೇಲಿನ ರೋಲರಿಗೂ ಐಡ್ಲರಿಗೂ ನಡುವೆ ಪ್ಯಾಡಿನ (ಚೈನಿನ ಒಂದೊಂದು ಲಿಂಕಿಗೆ ಬೋಲ್ಟ್ ಹಾಕಿ ಕೂರಿಸಿದ ಕಬ್ಬಿಣದ ಹಲಗೆ) ಮೇಲೆ ನೇರ ಪಟ್ಟಿ ಇಟ್ಟು ನೋಡಿದ್ರೆ 20ರಿಂದ 30 ಮಿ.ಮೀ. ಇಳಿದಿರ್ಬೇಕು, ನಮ್ಮದು ಅದರ ಮೂರು ಪಟ್ಟು ಇಳಿದಿತ್ತು. ಗ್ರೀಸ್ ಹೊಡೆದು ಹೊಡೆದು, ಚೈನ್ ಬಿಗಿ ಮಾಡುವ ಅಡ್ಜಸ್ಟರ್ ಕೊನೆಗೆ ಬಂದು ನಿಂತಿತ್ತು. ಇದಕ್ಕೆ ಮಾಡುದು ಪಿನ್ ಬುಶ್ ಟರ್ನಿಂಗ್. ಪಿನ್ ಅಂದ್ರೆ ಲಿಂಕುಗಳನ್ನು ಜೋಡಿಸುವ ಸರಳು, ಬುಶ್ ಅಂದ್ರೆ ಅದರ ಮೇಲಿನ ಕೊಳವೆ. ಸ್ಪ್ರಾಕೆಟಿನ ಹಲ್ಲು ಕೂತು ಕೂತು ಬುಶ್ ಒಂದೇ ಬದಿ ತಿಂದು ಹೋಗಿರ್ತದೆ, ಒಳಗೆ ಪಿನ್ನೂ ಒಂದೇ ಬದಿ ಸವೆದಿರ್ತದೆ. ಪ್ರೆಸ್ಸಲ್ಲಿ, ಅಂದ್ರೆ ಒತ್ತಿ ತೆಗೆಯುವ ಮೆಷಿನಲ್ಲಿ, ಎರಡನ್ನೂ ಹೊರಗೆ ತೆಗೆದು ಅರ್ಧ ಸುತ್ತು ತಿರುಗಿಸಿ ಮತ್ತೆ ಒತ್ತಿದ್ರೆ ಸವೆಯದ ಬದಿ ಕೆಲಸಕ್ಕೆ ಬರ್ತದೆ, ಉದ್ದವಾದ ಚೈನ್ ಹೆಚ್ಚುಕಮ್ಮಿ ಮೊದಲಿನ ಅಳತೆಗೆ ಬರ್ತದೆ. ಬುಶ್ ಒಡೆದಿದ್ರೆ ಆಗುದಿಲ್ಲ, ನಮ್ಮದು ಒಡೆದಿರ್ಲಿಲ್ಲ. ಹೊಸ ಚೈನಿಗೆ ಹಣ ಇರ್ಲಿಲ್ಲ, ಹಾಗಾಗಿ ಟರ್ನಿಂಗ್ ಮಾಡಿಸುವಾ ಅಂತ ಆಯ್ತು.

ಹೈವೇ ಬದಿಯ ಒಂದು ವರ್ಕ್‌ಶಾಪಿನ ಮೇಸ್ತ್ರಿ ಗಾಡಿ ನೋಡ್ಲಿಕ್ಕೆ ಮನೆಗೇ ಬಂದ್ರು. ಒಳ್ಳೆ ಮಾತು. ಅಪ್ಪನ ಹತ್ರ ಕೂತು ಚಾ ಕುಡಿದು, ರಿವರ್ಸ್ ಜಾಸ್ತಿ ಓಡಿಸಿದ್ರೆ ಬುಶ್ ಬೇಗ ಹೋಗ್ತದೆ, ಚೈನ್ ತುಂಬ ಟೈಟ್ ಇಡ್ಬಾರ್ದು, ಯಾವಾಗ್ಲೂ ಒಂದೇ ಬದಿಗೆ ತಿರುಗಿಸ್ಬಾರ್ದು, ಮಳೆಗಾಲದಲ್ಲಿ ಕೆಸರು ತುಂಬಿ ಚೈನ್ ತಾನಾಗೇ ಬಿಗಿ ಆಗ್ತದೆ ಅಂತೆಲ್ಲ ಹೇಳಿದ್ರು. ಎಲ್ಲ ಸರಿಯಾದ ಮಾತೇ, ಒಂದೂ ಸುಳ್ಳಲ್ಲ. ಅದರಲ್ಲೇ ನಾನು ಬಿದ್ದದ್ದು. ಇಷ್ಟು ಗೊತ್ತಿರುವ ಮನುಷ್ಯ ಮೋಸ ಮಾಡ್ತಾನೆ ಅಂತ ಯಾರಿಗೆ ಅನಿಸ್ತದೆ ಹೇಳಿ.

ಲೆಕ್ಕ ಆದದ್ದು ಹೀಗೆ. ಎರಡೂ ಬದಿ ಪಿನ್ ಬುಶ್ ಟರ್ನಿಂಗ್, ಕೆಳಗಿನ ಎಲ್ಲ ರೋಲರ್ ಬಿಚ್ಚಿ ಹೊಸ ಸೀಲ್ ಹಾಕಿ ಹೊಸ ಆಯಿಲ್ ತುಂಬಿಸುದು, ಪ್ಯಾಡಿಗೆ ಹೊಸ ಬೋಲ್ಟು. ಒಟ್ಟು 1,85,000. ಅಡ್ವಾನ್ಸ್ 60,000 ಗೂಗಲ್ ಪೇ ಮಾಡಿದೆ. ಬಿಲ್ ಕೊಡ್ತೀರಲ್ಲ ಅಂತ ಕೇಳಿದ್ದಕ್ಕೆ, "ಅಣ್ಣಾ, ಬಿಲ್ ಬೇಕಾದ್ರೆ ಜಿಎಸ್‌ಟಿ 18 ಪರ್ಸೆಂಟ್ ಮೇಲೆ ಬೀಳ್ತದೆ, ನಮ್ಮೊಳಗೆ ಎಂತಕ್ಕೆ ಅದೆಲ್ಲ" ಅಂದ್ರು. ನಾನು ಹ್ಞೂಂ ಅಂದೆ. ಅಲ್ಲಿ ಹ್ಞೂಂ ಅಂದದ್ದು ನನ್ನ ತಪ್ಪು.

ನಮ್ಮ ಆಪರೇಟರ್ ಇಪ್ಪತ್ತು ವರ್ಷದಿಂದ ಡೋಜರಲ್ಲೇ ಇರುವವ್ರು. ಕೊಡುವ ಮೊದಲೇ ಹೇಳಿದ್ರು, ನಾಲ್ಕೈದು ಬುಶ್ಶಿಗೆ ಪಂಚಲ್ಲಿ ಗುರುತು ಹೊಡೆದು ಕೊಡುವಾ, ಪ್ರೆಸ್ ಹಾಕುವ ದಿನ ಒಬ್ರು ಹೋಗಿ ನಿಲ್ಲುವಾ ಅಂತ. ನಾನು ಕೇಳ್ಲಿಲ್ಲ. ಮನೆಗೆ ಬಂದು ಚಾ ಕುಡಿದು ಹೋದವ್ರ ಮೇಲೆ ಹಾಗೆ ಅನುಮಾನ ಮಾಡುದು ಸರಿಯಲ್ಲ ಅಂತ ಅನಿಸಿತು. ಗಾಡಿ ಟ್ರೈಲರಲ್ಲಿ ಹೋಯ್ತು. ಎರಡು ಸಲ ನೋಡ್ಲಿಕ್ಕೆ ಹೋದೆ, ಪ್ರೆಸ್ ಎಲ್ಲಿ ಅಂತ ಕೇಳಿದೆ, "ಚೈನ್ ಬೇರೆ ಕಡೆ ಕಳಿಸಿದ್ದೇನೆ ಅಣ್ಣಾ, ದೊಡ್ಡ ಪ್ರೆಸ್ ಅಲ್ಲಿ ಉಂಟು" ಅಂದ್ರು. ಎಲ್ಲಿ ಅಂತ ಕೇಳಿದ್ರೆ ಉಪ್ಪಳದ ಆಚೆ ಅಂದ್ರು. ಅಷ್ಟೇ. ನಾನು ಪ್ರೆಸ್ ನೋಡ್ಲಿಲ್ಲ. ಈಗ್ಲೂ ರಾತ್ರಿ ಅದೇ ತಲೆಗೆ ಬರುದು, ನಾನು ಪ್ರೆಸ್ ನೋಡ್ಲಿಲ್ಲ.

ಗಾಡಿ ವಾಪಸ್ ಬಂತು, ಕೆಳಗಿಂದ ಮೇಲಿನವರೆಗೆ ಕಪ್ಪು ಪೇಂಟ್, ಚೈನ್ ಬಿಗಿ, ಅಡ್ಜಸ್ಟರ್ ಒಳಗೆ ಹೋಗಿ ಕೂತಿದೆ. ನೋಡ್ಲಿಕ್ಕೆ ಚಂದ. ಬಾಕಿ 1,25,000 ಕ್ಯಾಶ್ ಎಣಿಸಿ ಕೊಟ್ಟೆ. ಮಳೆ, ಕೆಲಸ ಇಲ್ಲ, ಶೆಡ್ಡಲ್ಲೇ ನಿಂತಿತ್ತು ದೀಪಾವಳಿ ಕಳೆಯುವವರೆಗೆ.

ಡಿಸೆಂಬರಲ್ಲಿ ಪೆರ್ಲದ ಹತ್ರ ಒಂದು ಗುಡ್ಡೆ ಕೆಲಸ ಸಿಕ್ಕಿತು. ಮೂರನೇ ದಿನ ಇಳಿಜಾರಲ್ಲಿ ತಿರುಗಿಸುವಾಗ ಕಟ್ ಕಟ್ ಅಂತ ಸದ್ದು ಬಂತಂತೆ, ಎಡದ ಚೈನ್ ಸ್ಪ್ರಾಕೆಟ್ ಹಾರಿ ಹೊರಗೆ ಬಂತು. ನಾನು ಹೋಗುವಾಗ ಆಪರೇಟರ್ ನೀರು ಹಾಕಿ ಕೆಸರು ತೊಳೀತಾ ಇದ್ದರು. ಪೇಂಟ್ ಎಲ್ಲ ಹೋಗಿತ್ತು. "ಇಲ್ಲಿ ಬೆರಳು ಇಟ್ಟು ನೋಡಿ" ಅಂದ್ರು. ಇಟ್ಟೆ. ಬುಶ್ ಸವೆದು ಆದ ಗುಂಡಿ, ಹಲ್ಲು ಕೂರುವ ಬದಿಯಲ್ಲೇ ಉಂಟು. ಟರ್ನಿಂಗ್ ಆಗಿದ್ರೆ ಆ ತಿಂದ ಬದಿ ಪ್ಯಾಡಿನ ಕಡೆಗೆ ತಿರುಗಿರ್ಬೇಕಿತ್ತಲ್ಲ. ಒಂದಲ್ಲ, ಎಲ್ಲ ಬುಶ್ಶೂ ಹಾಗೇ. ಪಿನ್ ಮುಟ್ಟಿಯೇ ಇಲ್ಲ ಮಾರಾಯ್ರೇ.

ಹಾಗಾದ್ರೆ ಚೈನ್ ಬಿಗಿ ಆದದ್ದು ಹೇಗೆ? ಆಪರೇಟರ್ ಎಂತದೂ ಹೇಳದೆ ಸುಣ್ಣದ ತುಂಡು ತಕ್ಕೊಂಡು ಒಂದು ಪ್ಯಾಡಿಗೆ ಗುರುತು ಹಾಕಿ ಎಣಿಸ್ಲಿಕ್ಕೆ ಶುರು ಮಾಡಿದ್ರು. ಎರಡು ಸಲ ಎಣಿಸಿದ್ರು. ಆಮೇಲೆ "ಮನೆಗೆ ಫೋನ್ ಮಾಡಿ ಅಪ್ಪನ ಹತ್ರ ಎಷ್ಟು ಪ್ಯಾಡ್ ಅಂತ ಕೇಳಿ" ಅಂದ್ರು. ಅಪ್ಪನಿಗೆ ಎಲ್ಲದಕ್ಕೂ ಒಂದು ಪುಸ್ತಕ ಉಂಟು, ಒಂದು ಪ್ಯಾಡಿಗೆ ನಾಲ್ಕು ಬೋಲ್ಟು, ಯಾವಾಗ ಎಷ್ಟು ತಂದದ್ದು ಎಲ್ಲ ಅದರಲ್ಲಿ ಬರೆದಿಟ್ಟಿದ್ದಾರೆ. ಫೋನಲ್ಲಿ ಪುಸ್ತಕ ತಿರುವುವ ಸದ್ದು ಕೇಳ್ತಾ ಇತ್ತು. ಅಪ್ಪ ಓದಿದ ಲೆಕ್ಕಕ್ಕಿಂತ ಎಡದಲ್ಲಿ ಒಂದು ಕಮ್ಮಿ. ಬಲದ್ದು ಎಣಿಸಿದೆವು, ಅಲ್ಲೂ ಒಂದು ಕಮ್ಮಿ. ಒಂದೊಂದು ಬದಿಯಲ್ಲಿ ಒಂದು ಲಿಂಕ್ ತೆಗೆದು ಚೈನ್ ಗಿಡ್ಡ ಮಾಡಿ ಕೊಟ್ಟಿದ್ದಾರೆ! ಜೋಲುದು ನಿಲ್ತದೆ, ಆದ್ರೆ ಲಿಂಕಿನ ಅಂತರ ಹಿಗ್ಗಿದ್ದು ಹಾಗೇ ಉಳೀತದೆ, ಹಲ್ಲಿಗೂ ಬುಶ್ಶಿಗೂ ತಾಳೆ ಆಗುದಿಲ್ಲ, ಸ್ಪ್ರಾಕೆಟ್ ತಿಂದು ಹೋಗ್ತದೆ. "ಎಂತ ಆಯ್ತು" ಅಂತ ಅಪ್ಪ ಫೋನಲ್ಲಿ ಕೇಳ್ತಾ ಇದ್ದಾರೆ, ನನಗೆ ಸ್ವರ ಹೊರಡ್ಲಿಲ್ಲ. ಸೈಟಿನ ಪಾರ್ಟಿ, ಅವ್ರ ಮಗ, ಇಬ್ರು ಕೆಲಸದವ್ರು, ಎಲ್ಲ ನನ್ನ ಮುಖವನ್ನೇ ನೋಡ್ತಾ ನಿಂತಿದ್ದರು.

ರೋಲರ್ ಕತೆ ಇನ್ನೂ ಕೆಟ್ಟದು. ಎರಡು ರೋಲರ್ ತಿರುಗ್ತಾನೇ ಇರ್ಲಿಲ್ಲ, ಚೈನ್ ಉಜ್ಜಿ ಒಂದು ಬದಿ ಚಪ್ಪಟೆ ಆಗಿತ್ತು. ಪ್ಲಗ್ ತೆಗೆದ್ರೆ ಆಯಿಲ್ ಇಲ್ಲ, ಗ್ರೀಸ್! ಸೀಲ್ ಹೋದ ರೋಲರಿಗೆ ಗ್ರೀಸ್ ತುರುಕಿದ್ರೆ ಹೊರಗೆ ಸೋರುದು ಕಾಣುದಿಲ್ಲ, ಹೊಸ ಸೀಲ್ ಹಾಕಿದ ಹಾಗೆ ಇರ್ತದೆ. ಆ ರೋಲರ್ ಒಳಗೆ ಆಯಿಲೇ ಬೇಕು, ಗ್ರೀಸಲ್ಲಿ ಬಿಸಿಯಾಗಿ ಹಿಡಿದು ಹೋಗ್ತದೆ. ಇದು ಗೊತ್ತಿಲ್ಲದೆ ಮಾಡಿದ್ದಲ್ಲ, ಗೊತ್ತಿದ್ದೇ ಮಾಡಿದ್ದು.

ಫೋನ್ ಮಾಡಿದೆ. ಮೊದಲು ಮೇಸ್ತ್ರಿ "ಸಾರಮಿಲ್ಲ ಅಣ್ಣಾ, ಎಲ್ಲ ಶರಿಯಾಕ್ಕಾಂ" (ಪರವಾಗಿಲ್ಲ, ಎಲ್ಲ ಸರಿ ಮಾಡುವಾ) ಅಂತ ಮಲಯಾಳದಲ್ಲಿ ನಗ್ತಾ ಹೇಳಿದ್ರು. ಫೋಟೊ ಕಳಿಸಿದ ಮೇಲೆ ಮಾತು ಬದಲಾಯ್ತು. "ನಿಮ್ಮ ಆಪರೇಟರ್ ರಿವರ್ಸ್ ಜಾಸ್ತಿ ಓಡಿಸಿದ್ದಾನೆ." ಮೂರು ದಿನದಲ್ಲಾ ಅಂತ ಕೇಳಿದೆ. "ಚೈನ್ ಟೈಟ್ ಇಟ್ಟಿದ್ದೀರಿ." ನೀವೇ ಇಟ್ಟು ಕೊಟ್ಟದ್ದಲ್ವಾ ಅಂದೆ. ಲಿಂಕ್ ಎಲ್ಲಿ ಹೋಯ್ತು ಅಂತ ಕೇಳಿದ್ದಕ್ಕೆ ವಾಯ್ಸ್ ಮೆಸೇಜ್ ಬಂತು, ಅದು ಇನ್ನೂ ನನ್ನ ಮೊಬೈಲಲ್ಲಿ ಉಂಟು: "ಹಳೆ ಗಾಡಿ ಅಲ್ವಾ ಅಣ್ಣಾ, ಅದಕ್ಕೆ ಅಷ್ಟೇ ಆಗುದು. ಬಿಲ್ ಉಂಟಾ ನಿಮ್ಮ ಹತ್ರ? ಬಿಲ್ ಇದ್ರೆ ತನ್ನಿ, ಮಾತಾಡುವಾ." ಬಿಲ್ ಬೇಡ ಅಂತ ಹೇಳಿಸಿದ್ದು ಇದಕ್ಕೇ ಅಂತ ಆಗ ಗೊತ್ತಾಯ್ತು. ನನ್ನದೇ ಮನೆಯಲ್ಲಿ, ಅಪ್ಪನ ಎದುರೇ ಹೇಳಿಸಿದ್ದು. ಆಮೇಲೆ ಮೆಸೇಜ್ ಹಾಕಿದ್ರೆ ನೋಡ್ತಾರೆ, ಉತ್ತರ ಇಲ್ಲ.

ಪರಿಚಯದ ವಕೀಲರ ಹತ್ರ ಕೇಳಿದೆ. ಕಾಸರಗೋಡಿನ ಗ್ರಾಹಕ ಕೋರ್ಟಿಗೆ ಎರಡು ವರ್ಷದೊಳಗೆ ಹೋಗ್ಬಹುದು, ಸ್ವಂತ ಹೊಟ್ಟೆಪಾಡಿಗೆ ನಡೆಸುವ ಗಾಡಿ ಅಂತ ತೋರಿಸ್ಬೇಕು ಅಂದ್ರು. 60,000 ಗೂಗಲ್ ಪೇ ಮಾಡಿದ್ದಕ್ಕೆ ಸಾಕ್ಷಿ ಉಂಟು, ವಾಯ್ಸ್ ಮೆಸೇಜ್ ಉಂಟು, ಬಾಕಿ ಕ್ಯಾಶಿಗೆ ಎಂತದೂ ಇಲ್ಲ. ಹೋಗ್ತೇನೆ, ಬಿಡುದಿಲ್ಲ.

ಡೋಜರ್ ಇರುವವ್ರು ದಯವಿಟ್ಟು ಪ್ಯಾಡ್ ಎಣಿಸಿ ಬರೆದಿಡಿ. ಕೊಡುವ ಮೊದಲು ನಾಲ್ಕು ಲಿಂಕಿನ ಉದ್ದ ಟೇಪಲ್ಲಿ ಅಳೆದು ಫೋಟೊ ತೆಗೀರಿ, ವಾಪಸ್ ಬಂದಾಗ ಅದೇ ನಾಲ್ಕು ಲಿಂಕ್ ಅಳೀರಿ, ಕಮ್ಮಿ ಆಗದಿದ್ರೆ ಟರ್ನಿಂಗ್ ಆಗ್ಲಿಲ್ಲ. ಬುಶ್ಶಿಗೆ ಪಂಚ್ ಗುರುತು ಹಾಕಿ, ಯಾರಿಗೆ ಬೇಜಾರಾದ್ರೂ ಆಗ್ಲಿ. ಪ್ರೆಸ್ ಕಣ್ಣಲ್ಲಿ ನೋಡಿ. ಪೇಂಟ್ ಹೊಡೀಬೇಡಿ ಅಂತ ಮೊದಲೇ ಹೇಳಿ. ಹಣ ಕೊಡುವ ಮೊದಲು ಒಂದೆರಡು ರೋಲರಿನ ಪ್ಲಗ್ ಬಿಚ್ಚಿಸಿ ನೋಡಿ. ಮತ್ತೊಂದು, ಚೈನ್ ಬಿಚ್ಚುವಾಗ ಅಡ್ಜಸ್ಟರಿನ ಗ್ರೀಸ್ ಪ್ಲಗ್ಗನ್ನು ಒಂದು ಸುತ್ತಿಗಿಂತ ಜಾಸ್ತಿ ಲೂಸ್ ಮಾಡ್ಲೇಬೇಡಿ, ಮುಖ ಎದುರಿಗೆ ಇಡ್ಬೇಡಿ, ಒಳಗಿನ ಪ್ರೆಶರಿಗೆ ಗ್ರೀಸ್ ಗುಂಡಿನ ಹಾಗೆ ಹಾರ್ತದೆ. ಅವತ್ತು ಪೆರ್ಲದಲ್ಲಿ ಸಿಟ್ಟಲ್ಲಿ ನಾನು ಸ್ಪ್ಯಾನರ್ ಹಿಡಿದು ಬಗ್ಗಿದ್ದೆ, ಆಪರೇಟರ್ ಕೈ ಹಿಡಿದು ಎಳೆದ್ರು.

ಈಗ ಸ್ಪ್ರಾಕೆಟಿನ ಹಲ್ಲು ಚೂಪಾಗಿದೆ, ಹೊಸ ಚೈನ್ ಹಾಕಿದ್ರೆ ಹಳೆ ಸ್ಪ್ರಾಕೆಟ್ ಅದನ್ನೂ ತಿಂತದೆ, ಹಾಗಾಗಿ ಎರಡೂ ಒಟ್ಟಿಗೆ ಬೇಕು. ಅಷ್ಟು ಹಣ ಕೈಯಲ್ಲಿ ಇಲ್ಲ. ಪೆರ್ಲದ ಪಾರ್ಟಿ ಬೇರೆ ಹಿಟಾಚಿ ತರಿಸಿದ್ರು, ನಮ್ಮ ಗಾಡಿ ಅವ್ರ ಗುಡ್ಡೆಯ ಬದಿಯಲ್ಲೇ ಟಾರ್ಪಾಲ್ ಹೊದ್ದು ನಿಂತಿದೆ. ಮುಳ್ಳೇರಿಯದವ್ರಿಗೆ ಇದನ್ನೇ ಕಳಿಸ್ತೇನೆ. ಕುಂಬಳೆ, ಸೀತಾಂಗೋಳಿ, ಬದಿಯಡ್ಕ ಕಡೆ ಯಾರಾದ್ರೂ ಚೈನ್ ಕೆಲಸಕ್ಕೆ ಕೊಡ್ಲಿಕ್ಕೆ ಇದ್ರೆ ಮೊದಲು ನನ್ನನ್ನು ಕೇಳಿ, ಫೋಟೊ, ವಾಯ್ಸ್ ಮೆಸೇಜ್ ಎಲ್ಲ ತೋರಿಸ್ತೇನೆ.