ಮದ್ಫೂನಾ: ಸಂತೆಯದ್ದಾ, ಮರಳಿನದ್ದಾ, ಕ್ಯಾಂಪಿನದ್ದಾ?

ಮೊರಾಕೊದಲ್ಲಿ ಸಹಾರಾ ಕಡೆ ಹೊರಟವರಿಗೆ ಸಿಕ್ಕಸಿಕ್ಕವರೆಲ್ಲ ಒಂದು ಮಾತು ಹೇಳುತ್ತಾರೆ: ಮದ್ಫೂನಾ ತಿನ್ನದೆ ವಾಪಸ್ ಬರಬೇಡಿ. ಯಾರ ಕೈಯದ್ದು, ಯಾವ ಒಲೆಯದ್ದು ಅಂತ ಮಾತ್ರ ಯಾರೂ ಹೇಳೋದಿಲ್ಲ. ವ್ಯತ್ಯಾಸ ಇರೋದೇ ಅಲ್ಲಿ.

ಒಳಗೆ ಹೂರಣ ತುಂಬಿ ಸುಡುವ ಈ ರೊಟ್ಟಿಯನ್ನು ಪ್ರವಾಸಿಗಳಿಗೆ 'ಬರ್ಬರ್ ಪಿಜ್ಜಾ' ಅಂತ ಮಾರುತ್ತಾರೆ (ಬರ್ಬರ್ ಅಂದರೆ ಅಲ್ಲಿನ ಮೂಲ ಜನ). ದುಂಡಗಿರೋದು ಬಿಟ್ಟರೆ ಪಿಜ್ಜಾಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ನಮ್ಮ ಹೋಳಿಗೆಯನ್ನು ಖಾರ ಮಾಡಿ, ಊಟದ ತಟ್ಟೆಯಷ್ಟು ಅಗಲಕ್ಕೆ ಬೆಳೆಸಿದ ಹಾಗಿರುತ್ತದೆ. ಕಣಕ ಗೋಧಿ ಹಿಟ್ಟಿನದು, ಸ್ವಲ್ಪ ಹುಳಿ ಬಂದು ಉಬ್ಬಿರುತ್ತದೆ. ಒಳಗೆ ಕೊಚ್ಚಿದ ಮಾಂಸ, ರಾಶಿ ಈರುಳ್ಳಿ, ಬೆಳ್ಳುಳ್ಳಿ, ಪಾರ್ಸ್ಲಿ ಸೊಪ್ಪು, ಜೀರಿಗೆ, ಶುಂಠಿ ಪುಡಿ, ಪಾಪ್ರಿಕಾ. ಜೊತೆಗೆ ಮುಖ್ಯವಾಗಿ ಶಹ್ಮ, ಅಂದರೆ ಗಟ್ಟಿ ಕೊಬ್ಬು. ಕೆಲವರು ಬಾದಾಮಿ, ಬೇಯಿಸಿದ ಮೊಟ್ಟೆಯನ್ನೂ ಹಾಕುತ್ತಾರೆ.

ಇದರ ತವರು ತಾಫಿಲಾಲ್ತ್. ಜಿಜ್ ನದಿಯ ನೀರು ಮರುಭೂಮಿಯಲ್ಲಿ ಇಂಗಿಹೋಗುವ ಮುಂಚೆ ಸಾಕಿಕೊಂಡಿರುವ ಖರ್ಜೂರದ ಸೀಮೆ ಅದು. ನಮ್ಮ ಅಂಗಡಿಗಳಲ್ಲೂ ಈಗ ಸಿಗುವ ಮೆಜ್ಜೂಲ್ ಖರ್ಜೂರದ ಮೂಲ ಇಲ್ಲಿಯದೇ. ಸಹಾರಾ ದಾಟಿ ಚಿನ್ನ ತರುತ್ತಿದ್ದ ಒಂಟೆ ಸಾಲುಗಳು ಬಂದು ಇಳಿಯುತ್ತಿದ್ದ ಸಿಜಿಲ್ಮಾಸಾ ಪಟ್ಟಣದ ಅವಶೇಷ ರಿಸ್ಸಾನಿ ಊರಿನ ಪಕ್ಕದಲ್ಲೇ ಇದೆ. ಈಗ ಅಲ್ಲಿ ಮುರಿದ ಮಣ್ಣಿನ ಗೋಡೆ ಬಿಟ್ಟರೆ ನೋಡೋಕೆ ಹೆಚ್ಚೇನಿಲ್ಲ. ಹಸಿವಾಗಿದ್ದರೆ ನೇರ ಸಂತೆಗೆ ಹೋಗಿ.

ರಿಸ್ಸಾನಿ ಸಂತೆ ಭಾನುವಾರ, ಮಂಗಳವಾರ, ಗುರುವಾರ ಕೂಡುತ್ತದೆ. ಹಳ್ಳಿಯವರು ಬಂದ ಕತ್ತೆಗಳನ್ನು ಕಟ್ಟೋಕೆ ಪ್ರತ್ಯೇಕ ಜಾಗವೇ ಇದೆ, ಥೇಟ್ ಪಾರ್ಕಿಂಗ್! ಇಲ್ಲಿ ಹೋಟೆಲಲ್ಲಿ ಕೂತು ಆರ್ಡರ್ ಮಾಡಬಹುದು. ಆದರೆ ಊರವರು ಮಾಡೋ ರೀತಿ ಬೇರೆ. ಮೊದಲು ಮಾಂಸದಂಗಡಿ. ಬೇಕಾದಷ್ಟು ಮಾಂಸ ತೋರಿಸಿದರೆ ಅಂಗಡಿಯವನು ಕೊಬ್ಬು, ಈರುಳ್ಳಿ, ಸೊಪ್ಪಿನ ಜೊತೆ ಕೊಚ್ಚಿ, ಮಸಾಲೆ ಹಾಕಿ ಕಾಗದದಲ್ಲಿ ಕಟ್ಟಿಕೊಡುತ್ತಾನೆ. ದನದ ಮಾಂಸ ಬೇಡದವರು 'ಗೆನ್ಮಿ' ಅಂತ ಕೇಳಿ, ಕುರಿದು ಕೊಡುತ್ತಾರೆ. 'ಬೆಗ್ರಿ' ಅಂದರೆ ದನದ್ದು. ಆ ಪೊಟ್ಟಣ ಹಿಡಿದು ಫೆರ್ರಾನ್‌ಗೆ ಹೋಗಬೇಕು. ಅದು ಕೇರಿಗೆಲ್ಲ ಸೇರಿದ ಸೌದೆ ಒಲೆ. ಮನೆಯಲ್ಲಿ ನಾದಿದ ರೊಟ್ಟಿ ಹಿಟ್ಟನ್ನೂ ಜನ ಇಲ್ಲಿಗೇ ತಂದು ಸುಡಿಸಿಕೊಂಡು ಹೋಗುತ್ತಾರೆ.

ನನ್ನದನ್ನು ಮಾಡಿದ ಅಜ್ಜ ಮಾತಾಡಲೇ ಇಲ್ಲ. ಕಣಕವನ್ನು ಹಲಗೆ ಮೇಲೆ ಅಂಗೈಯಲ್ಲಿ ತಟ್ಟಿ ಹರಡಿದರು. ಹಸಿ ಹೂರಣವನ್ನು ಅಂಚಿಗೆ ಎರಡು ಬೆರಳು ಬಿಟ್ಟು ತೆಳ್ಳಗೆ ಸವರಿದರು. ಮೇಲೊಂದು ಪದರ ಮುಚ್ಚಿ, ಅಂಚನ್ನು ಸುತ್ತಲೂ ಮಡಿಚಿ ಒತ್ತಿ, ಆವಿ ಹೋಗೋಕೆ ನಡುವೆ ಬೆರಳಲ್ಲಿ ಒಂದು ತೂತು ಮಾಡಿದರು. ಉದ್ದ ಹಿಡಿಯ ಮರದ ಸಲಿಕೆಯಲ್ಲಿ ಒಲೆಯೊಳಗೆ ಜಾರಿಸಿದರು. ಮಾಂಸ ಹಸಿಯಾಗಿ ಒಳಗೆ ಹೋಗೋದೇ ಇದರ ಗುಟ್ಟು ಅಂತ ನನ್ನ ಲೆಕ್ಕ. ಅದು ಮುಚ್ಚಿದ ರೊಟ್ಟಿಯೊಳಗೇ ಬೇಯುತ್ತದೆ, ಕೊಬ್ಬು ಕರಗುತ್ತದೆ, ಈರುಳ್ಳಿ ನೀರು ಬಿಡುತ್ತದೆ. ಆ ರಸಕ್ಕೆ ಹೊರಗೆ ಹೋಗೋಕೆ ದಾರಿ ಇಲ್ಲ, ಕೆಳಗಿನ ಪದರಕ್ಕೇ ಇಳಿಯುತ್ತದೆ. ಕೊಯ್ದಾಗ ಮೇಲಿನ ಪದರ ಗರಿಗರಿ. ಕೆಳಗಿನದರ ಒಳಮೈ ಪಾಪ್ರಿಕಾ ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಮಾಂಸಕ್ಕಿಂತ ಆ ಕೆಳಪದರವೇ ನನಗೆ ಇಷ್ಟವಾಯಿತು. ಒಂದರಲ್ಲಿ ಇಬ್ಬರು ಧಾರಾಳವಾಗಿ ತಿನ್ನಬಹುದು. ಜೊತೆಗೆ ಪುದೀನ ಚಹಾ ಇರಲೇಬೇಕು, ಇಲ್ಲದಿದ್ದರೆ ಕೊಬ್ಬು ಬಾಯಲ್ಲೇ ಕೂರುತ್ತದೆ.

ಎರಡನೆಯದು ಮರಳಿನಲ್ಲಿ ಸುಟ್ಟದ್ದು. ರಿಸ್ಸಾನಿಯಿಂದ ಸುಮಾರು 40 ಕಿಲೋಮೀಟರ್ ಮುಂದೆ ಮೆರ್ಜೂಗಾ, ಅದರ ಬೆನ್ನಿಗೇ ಎರ್ಗ್ ಶೆಬ್ಬಿ ಮರಳುಗುಡ್ಡಗಳು. ಅಲ್ಲಿನ ಐತ್ ಖಬ್ಬಾಶ್ ಪಂಗಡದ ಅಲೆಮಾರಿಗಳು ಪಾತ್ರೆ, ಒಲೆ ಏನೂ ಇಲ್ಲದೆ ರೊಟ್ಟಿ ಮಾಡುತ್ತಾರೆ. ಮರಳಿನ ಮೇಲೆ ಕಡ್ಡಿ ಉರಿಸಿ, ಕೆಂಡ ಪಕ್ಕಕ್ಕೆ ಎಳೆದು, ಕಾದ ಮರಳಿನ ಮೇಲೆ ರೊಟ್ಟಿ ಮಲಗಿಸಿ, ಮೇಲೆ ಮತ್ತೆ ಬಿಸಿ ಮರಳು, ಕೆಂಡ. ಆಮೇಲೆ ತೆಗೆದು ಕೋಲಿನಿಂದ ತಟ್ಟಿ, ಬಟ್ಟೆಯಲ್ಲಿ ಒರೆಸುತ್ತಾರೆ. ಕಣಕ ದಪ್ಪ ಇಡುತ್ತಾರೆ, ಹೂರಣ ಕಮ್ಮಿ. ಹೊರಗಿನ ಸಿಪ್ಪೆಗೆ ನಾನು ತಿಂದ ನಾಲ್ಕು ಬಗೆಯಲ್ಲಿ ಇದಕ್ಕೆ ಸಾಟಿಯೇ ಇಲ್ಲ: ಸುಟ್ಟ ವಾಸನೆ, ಕಡಿದರೆ ಕಟುಂ ಅನ್ನುವ ಗಟ್ಟಿತನ. ಒಳಗೆ ಮಾತ್ರ ರೊಟ್ಟಿಯೇ ರೊಟ್ಟಿ. ಅಲ್ಲೊಂದು ಇಲ್ಲೊಂದು ಮರಳಿನ ಕಾಳೂ ಹಲ್ಲಿಗೆ ಸಿಕ್ಕಿತು. ಮಾಡೋದನ್ನು ಖಂಡಿತ ನೋಡಿ. ಹೊಟ್ಟೆ ತುಂಬಿಸಿಕೊಳ್ಳೋಕೆ ಇದನ್ನೇ ನಂಬಬೇಡಿ.

ಇನ್ನು ಮರುಭೂಮಿ ಕ್ಯಾಂಪಿನ ಮದ್ಫೂನಾ. ಪ್ಯಾಕೇಜಿನಲ್ಲಿ ಬಂದವರಲ್ಲಿ ಹೆಚ್ಚಿನವರಿಗೆ ಸಿಗೋದು ಇದೇ. ನಾನು ಉಳಿದ ಕಡೆ ಮಾಂಸವನ್ನು ಮೊದಲೇ ಹುರಿದು, ನೀರೆಲ್ಲ ಆರಿಸಿ, ಆಮೇಲೆ ಕಣಕಕ್ಕೆ ತುಂಬಿ ಗ್ಯಾಸ್ ಓವನ್ನಿಗೆ ಇಟ್ಟಿದ್ದರು. ಕೊಬ್ಬು ಹಾಕೇ ಇರಲಿಲ್ಲ, ವಿದೇಶದವರಿಗೆ ಹಿಡಿಸಲ್ಲ ಅಂತ ಕಾರಣ. ಅಡುಗೆಯವರು ಪಾಪ ಕೆಟ್ಟದಾಗಿ ಮಾಡಿರಲಿಲ್ಲ. ಆದರೆ ತಿಂದಾಗ ಬ್ರೆಡ್ ಒಂದು ಕಡೆ, ಖೀಮಾ ಒಂದು ಕಡೆ, ಎರಡಕ್ಕೂ ಪರಿಚಯವೇ ಇಲ್ಲ. ದುಡ್ಡು ಸಂತೆಯದಕ್ಕಿಂತ ಜಾಸ್ತಿ. ವಿಚಿತ್ರ ಏನಪ್ಪಾ ಅಂದರೆ, ಅಲ್ಲೇ ಪಕ್ಕದವರು ತರಿಸಿದ ತರಕಾರಿ ಮದ್ಫೂನಾ ಎಷ್ಟೋ ವಾಸಿ. ಕ್ಯಾರೆಟ್, ಈರುಳ್ಳಿ, ದೊಣ್ಣೆ ಮೆಣಸಿನಕಾಯಿ, ಆಲಿವ್. ತರಕಾರಿ ಒಳಗೇ ನೀರು ಬಿಟ್ಟಿತ್ತು, ಹಾಗಾಗಿ ಕಣಕಕ್ಕೆ ರುಚಿ ಇಳಿದಿತ್ತು. ಸಸ್ಯಾಹಾರಿಗಳು ಕ್ಯಾಂಪನ್ನು ತಳ್ಳಿಹಾಕಬೇಕಿಲ್ಲ. ಬೆಳಿಗ್ಗೆಯೇ ಹೇಳಿಡಿ, ಮೊಟ್ಟೆ ತಿನ್ನದಿದ್ದರೆ ಅದನ್ನೂ ಹೇಳಿ.

ಮರುಭೂಮಿವರೆಗೆ ಹೋಗಲಾಗದವರಿಗೆ ಫೆಸ್, ಮರಾಕೇಶ್ ನಗರಗಳ ಬೀದಿಗಳಲ್ಲಿ ಒಳಗೆ ಹೂರಣ ತುಂಬಿದ ಮ್ಸೆಮ್ಮೆನ್ ಅನ್ನೋ ಪದರ ರೊಟ್ಟಿ ಇದೆ. ಫೆಸ್‌ನಿಂದ ಮೆರ್ಜೂಗಾ ಅಂದರೆ ಒಂದಿಡೀ ದಿನದ ದಾರಿ, ಎಲ್ಲರಿಗೂ ಪುರುಸೊತ್ತು ಇರಲ್ಲ ಅಲ್ವಾ? ಮೈದಾ, ಸಣ್ಣ ರವೆಯ ಹಿಟ್ಟನ್ನು ಎಣ್ಣೆ ಕೈಯಲ್ಲಿ ಬಟ್ಟೆಯಷ್ಟು ತೆಳ್ಳಗೆ ಎಳೆದು, ಈರುಳ್ಳಿ, ಶಹ್ಮ, ಪಾರ್ಸ್ಲಿ, ಖಾರ ಹರಡಿ, ಚೌಕವಾಗಿ ಮಡಿಚಿ ಕಾವಲಿ ಮೇಲೆ ಹಾಕುತ್ತಾರೆ. ಕೆಲವೇ ದಿರ್ಹಾಮ್‌ಗೆ ಬೆಳಗಿನ ತಿಂಡಿ ಆಯಿತು. ಮಾಂಸ ಇಲ್ಲ ಅಂತ ಸಸ್ಯಾಹಾರಿಗಳು ಸುಮ್ನೆ ತಗೊಂಡುಬಿಡಬೇಡಿ, ಕೊಬ್ಬು ಇರುತ್ತದೆ. ಬಿಸಿ ಇರುವಾಗ ಅದ್ಭುತ, ಆರಿದರೆ ಮೇಣ. ಇದನ್ನೂ ಮದ್ಫೂನಾದ ತಮ್ಮ ಅಂತ ಹೇಳುವವರಿದ್ದಾರೆ. ನಾನು ಒಪ್ಪಲ್ಲ. ಇಲ್ಲಿ ರುಚಿ ಪದರಗಳದ್ದು, ರಸದ್ದಲ್ಲ.

ಮತ್ತೆ ಆ ಕಡೆ ಹೋದರೆ ಸಂತೆ ದಿನ ನೋಡಿಕೊಂಡು ರಿಸ್ಸಾನಿಗೆ ಬೆಳಿಗ್ಗೆಯೇ ಇಳಿಯುತ್ತೇನೆ. ಮಧ್ಯಾಹ್ನದ ಮೇಲೆ ಸಂತೆ ಕರಗುತ್ತದೆ, ಒಳ್ಳೆ ಮಾಂಸವೂ ಉಳಿದಿರಲ್ಲ. ಫೆರ್ರಾನ್‌ನಲ್ಲಿ ಒಂದನ್ನು ಅಲ್ಲೇ ತಿಂದು, ಇನ್ನೊಂದನ್ನು ಕಟ್ಟಿಸಿಕೊಂಡು ಕ್ಯಾಂಪಿಗೆ ಒಯ್ಯುವುದು. ರಾತ್ರಿ ಅಡುಗೆಯವರನ್ನು ಕೇಳಿ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬಿಸಿ ಮಾಡಿಸಿಕೊಂಡರೆ ಸಾಕು, ಅಲ್ಲಿನ ಮದ್ಫೂನಾಗೆ ಬೇರೆ ದುಡ್ಡು ಕೊಡೋದು ಬೇಕಿಲ್ಲ.