ಹಳೇ ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್: ತಪ್ಪು ಮೋಟಾರಿನದಲ್ಲ

ಧ್ವನಿ ಹೇಗಿದೆ, ಯಾವ ಕಾರ್ಟ್ರಿಜ್ (ಸೂಜಿ ಕೂರೋ ಭಾಗ) ಹೊಂದುತ್ತದೆ ಅನ್ನೋದನ್ನೆಲ್ಲ ಇಲ್ಲಿ ಹುಡುಕಬೇಡಿ. ವರ್ಷಗಟ್ಟಲೆ ಬಳಸಿದ ಮೇಲೆ ಈ ರೆಕಾರ್ಡ್ ಪ್ಲೇಯರ್ ಬಗ್ಗೆ ಹೇಳೋಕೆ ಉಳಿಯೋದು ಒಂದೇ ಮಾತು: ಸ್ಪೀಡು. ಎಳೆದು ನಿಂತ ಸ್ವರವೊಂದು ಸಣ್ಣಗೆ ಜಾರುತ್ತದೆ, ಎರಡು ಸೆಕೆಂಡಿಗೆ ತಾನೇ ಸರಿಹೋಗುತ್ತದೆ. ಕೇಳುವವರಿಗೆ ತಮ್ಮ ಕಿವಿಯ ಮೇಲೇ ಅನುಮಾನ ಬರುತ್ತದೆ.

ಟೆಕ್ನಿಕ್ಸ್ 1970ರಲ್ಲಿ ಎಸ್‌ಪಿ-10 ತಂದಾಗ ಡೈರೆಕ್ಟ್ ಡ್ರೈವ್, ಅಂದರೆ ಬೆಲ್ಟಿಲ್ಲದೆ ಮೋಟಾರೇ ನೇರವಾಗಿ ತಟ್ಟೆ ತಿರುಗಿಸೋ ವ್ಯವಸ್ಥೆ, ಮಾರುಕಟ್ಟೆಗೆ ಬಂತು; 1975ರ ಎಸ್‌ಪಿ-10 ಎಂಕೆ2ರಲ್ಲಿ ಸ್ಪೀಡಿಗೆ ಕರಾರುವಾಕ್ಕಾದ ಲಯ ಕೊಡೋ ಕ್ವಾರ್ಟ್ಸ್ ಹರಳು ಸೇರಿತು. ಆದರೆ ಅಗ್ಗದ ಮಾದರಿಗಳಲ್ಲಿ, ಹಲವು ಕಂಪನಿಗಳದ್ದರಲ್ಲಿ, ಅದಾದ ಮೇಲೂ ಕ್ವಾರ್ಟ್ಸ್ ಇಲ್ಲದ ಬರೀ ಸರ್ವೋ (ವೇಗ ಅಳೆದು ತಾನೇ ತಿದ್ದಿಕೊಳ್ಳೋ) ಸರ್ಕ್ಯೂಟೇ ಮುಂದುವರಿಯಿತು. ಈ ವಿಮರ್ಶೆ ಆ ಜಾತಿಯದ್ದಕ್ಕೆ: ಸ್ಪೀಡು ಚೂರು ಹೆಚ್ಚುಕಮ್ಮಿ ಮಾಡೋ ಪಿಚ್ ತಿರುಪು, ತಟ್ಟೆಯ ಅಂಚಿನಲ್ಲಿ ಸ್ಪೀಡು ನೋಡೋಕೆ ಚುಕ್ಕೆಗಳ ಸಾಲು, ಒಳಗೆ ಎರಡು ಪುಟ್ಟ ಪ್ರಿಸೆಟ್ (ಸ್ಕ್ರೂಡ್ರೈವರಿನಿಂದ ತಿರುಗಿಸೋ ರೆಸಿಸ್ಟರ್), ಒಂದೊಂದು ಸ್ಪೀಡಿಗೆ ಒಂದೊಂದು.

ಸ್ಪೀಡು ತಪ್ಪಿತು ಅಂದ ಕೂಡಲೇ ಎಲ್ಲರೂ ಕೊಡೋ ಸಲಹೆ ಒಂದೇ, "ಕೆಪಾಸಿಟರ್ ಎಲ್ಲ ಬದಲಿಸಿ". ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸರ್ಕ್ಯೂಟ್ ಮಾಡೋ ಕೆಲಸ ನೋಡಿ. ಮೋಟಾರ್ ತಿರುಗುವಾಗ ಅದರೊಳಗಿನ ಸುರುಳಿಯೊಂದು ವೇಗಕ್ಕೆ ತಕ್ಕ ಆವರ್ತನದ ಸಣ್ಣ ಸಿಗ್ನಲ್ ಹುಟ್ಟಿಸುತ್ತದೆ. ಐಸಿ ಅದನ್ನು ವೋಲ್ಟೇಜ್ ಮಾಡಿಕೊಂಡು, ಪ್ರಿಸೆಟ್ ಮತ್ತು ಪಿಚ್ ಪಾಟ್ (ಪಿಚ್ ತಿರುಪಿನ ರೆಸಿಸ್ಟರ್) ನಿಗದಿ ಮಾಡಿದ ಮಟ್ಟದ ಜೊತೆ ತೂಗಿ ನೋಡುತ್ತದೆ. ಆ ಪ್ರಿಸೆಟ್‌ನ ತೆರೆದ ಕಾರ್ಬನ್ ಪಟ್ಟಿ, ಅದರ ಮೇಲೆ ಕೂತ ತಗಡಿನ ನಾಲಿಗೆ ದಶಕಗಳಿಂದ ಒಂದೇ ಜಾಗದಲ್ಲಿ ಕಿಲುಬು ಹಿಡಿದಿರುತ್ತವೆ. ರೋಧ ಚೂರು ನೆಗೆದರೆ ಆಜ್ಞೆಯೇ ಬದಲಾಗುತ್ತದೆ. ಮೋಟಾರ್ ಪಾಪ, ಹೇಳಿದಷ್ಟು ಕೇಳುತ್ತದೆ.

ಕವಚ ಬಿಚ್ಚೋ ಮೊದಲೇ ಲಕ್ಷಣ ಅರ್ಧ ಹೇಳಿಬಿಡುತ್ತದೆ. ನಿಮಿಷಕ್ಕೆ 33⅓ ಸುತ್ತು, 45 ಸುತ್ತು ಅಂತ ಸ್ಪೀಡು ಎರಡು; 33 ಮಾತ್ರ ಅಲುಗಾಡಿ 45 ಸರಿಯಿದ್ದರೆ, 33ರ ಪ್ರಿಸೆಟ್ ಅಥವಾ ಸ್ಪೀಡ್ ಸ್ವಿಚ್ಚಿನ ಕಾಂಟ್ಯಾಕ್ಟ್. ಎರಡೂ ಕೆಟ್ಟಿದ್ದರೆ ಪವರ್ ಸಪ್ಲೈ ಅಥವಾ ಎರಡಕ್ಕೂ ಸೇರಿದ ಇನ್ನಾವುದೋ ಭಾಗ. ಪಿಚ್ ತಿರುಪು ಮುಟ್ಟಿದರೇ ಸ್ಪೀಡು ಹಾರಿದರೆ ಆ ಪಾಟೇ ಆರೋಪಿ. ತಟ್ಟೆ ಹುಚ್ಚು ಹಿಡಿದಂತೆ ಓಡಿದರೆ ವೇಗದ ಸಿಗ್ನಲ್ ಐಸಿಗೆ ತಲುಪುತ್ತಿಲ್ಲ. ಮೋಟಾರ್ ನಿಂತಿದೆ ಅಂದುಕೊಂಡು ಅದು ಪೂರ್ತಿ ಶಕ್ತಿ ತಳ್ಳುತ್ತಿದೆ. ಆಗ ಸಡಿಲ ಕನೆಕ್ಟರ್, ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ) ಹುಡುಕಿ.

ಪ್ಲಗ್ ಕಿತ್ತು, ತಟ್ಟೆ ಮತ್ತು ಹೆಡ್‌ಶೆಲ್ (ತೋಳಿನ ತುದಿಯಲ್ಲಿ ಕಾರ್ಟ್ರಿಜ್ ಹಿಡಿದಿರೋ ಭಾಗ) ತೆಗೆದು, ತೋಳು ಲಾಕ್ ಮಾಡಿ ಸ್ಪಂಜಿನ ಮೇಲೆ ಬೋರಲು ಹಾಕಿ. ಫಿಲ್ಟರ್ ಕೆಪಾಸಿಟರನ್ನು 1 ಕಿಲೋ ಓಮ್ ರೆಸಿಸ್ಟರ್ ಹಿಡಿದು ಖಾಲಿ ಮಾಡಿ. ಪ್ರಿಸೆಟ್ ಇದ್ದ ಸ್ಥಾನದ ಫೋಟೋ ತೆಗೆದುಕೊಂಡು, ಪೆನ್ನಿನಲ್ಲೂ ಗುರುತು ಹಾಕಿ. ಕಿತ್ತ ಮೇಲೆ ನಡುಗಾಲಿನಿಂದ ಎರಡೂ ತುದಿಗೆ ರೋಧ ಅಳೆದು ಬರೆದಿಡಿ. ಹೊಸದನ್ನು ಅದೇ ಅಳತೆಗೆ ತಿರುಗಿಸಿ ಕೂರಿಸಿದರೆ ಮೊದಲ ಸಲವೇ ಸ್ಪೀಡು ಹತ್ತಿರಕ್ಕೆ ಬರುತ್ತದೆ. ಹಾಕಬೇಕಾದದ್ದು ಅದೇ ಮೌಲ್ಯದ ಸರ್ಮೆಟ್ (ಕಾರ್ಬನ್ ಬದಲು ಲೋಹ-ಸೆರಾಮಿಕ್ ಪಟ್ಟಿಯ) ಪ್ರಿಸೆಟ್. ಮೈಮೇಲೆ 103 ಅಂತಿದ್ದರೆ 10 ಕಿಲೋ ಓಮ್, 502 ಅಂದರೆ 5. ಇಪ್ಪತ್ತೈದು ಸುತ್ತಿನದ್ದು ನಾಜೂಕು ಹೊಂದಾಣಿಕೆಗೆ ಚಂದ, ಆದರೆ ಕಾಲುಗಳು ಹಳೇ ತೂತಿಗೆ ಸಾಮಾನ್ಯವಾಗಿ ಕೂರುವುದಿಲ್ಲ. ಒಂದೇ ಸುತ್ತಿನದ್ದು ಸಾಕು.

ಸಿಟ್ಟು ಬರೋದು ಬೋರ್ಡಿನ ಮೇಲೆ. ಕಂದು ಬಣ್ಣದ ಫಿನಾಲಿಕ್ ಬೋರ್ಡು, ಕಾವು ಹೆಚ್ಚಾದರೆ ತಾಮ್ರದ ಪ್ಯಾಡ್ ಹಪ್ಪಳದಂತೆ ಎದ್ದು ಬರುತ್ತದೆ. ಐರನ್ 320 ಡಿಗ್ರಿ ಆಸುಪಾಸು, ಒಂದು ಕಾಲಿಗೆ ಮೂರು ಸೆಕೆಂಡು, ಹೊಸ ಸೋಲ್ಡರ್ ಸ್ವಲ್ಪ ಸೇರಿಸಿ ಆಮೇಲೆ ವಿಕ್ (ಬೆಸುಗೆ ಹೀರಿಕೊಳ್ಳೋ ತಾಮ್ರದ ಜಡೆ). ಎದ್ದೇಬಿಟ್ಟರೆ ಟ್ರ್ಯಾಕ್‌ನ ಮುಂದಿನ ಬೆಸುಗೆಗೆ ಸಣ್ಣ ತಂತಿ ಎಳೆಯಿರಿ. ಅದಕ್ಕಿಂತ ಕಿರಿಕಿರಿ, ಹಿಂದೆ ಯಾರೋ ಹೊಡೆದುಬಿಟ್ಟ ತುಕ್ಕು ಬಿಡಿಸೋ ಎಣ್ಣೆ ಸ್ಪ್ರೇ. ಎಣ್ಣೆಗೆ ಧೂಳು ಮೆತ್ತಿ ಕೆಸರಾಗಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು ಪೂರ್ತಿ ಒಣಗಿಸದೆ ಮುಂದೆ ಹೋಗಬೇಡಿ.

ಕೆಪಾಸಿಟರ್ ಬದಲಿಸಲೇಬಾರದು ಅಂತಲ್ಲ. ಸಪ್ಲೈನಲ್ಲಿರೋ ದೊಡ್ಡ ಎಲೆಕ್ಟ್ರೊಲಿಟಿಕ್ ಬದಲಿಸಿ: ಅದೇ ಮೈಕ್ರೋಫ್ಯಾರಡ್, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯದ್ದು, ಧ್ರುವ ನೋಡಿಕೊಂಡು. ಆದರೆ ಐಸಿ ಪಕ್ಕದ ಫಿಲ್ಮ್ ಕೆಪಾಸಿಟರ್ ಮುಟ್ಟಬೇಡಿ. ಕಾಲ ಲೆಕ್ಕ ಹಾಕೋದು ಅದು. ಆ ಜಾಗಕ್ಕೆ ಕೈಗೆ ಸಿಕ್ಕಿದ ಸೆರಾಮಿಕ್ ಹಾಕಿದರೆ ಬಿಸಿಯೇರಿದಂತೆ ಸ್ಪೀಡೂ ಸರಿಯುತ್ತದೆ.

ಇಷ್ಟಾದ ಮೇಲೆ ಇದರ ಮೇಲಿನ ಕೋಪ ಇಳಿಯುತ್ತದೆ. ಹದಿನೈದು ನಿಮಿಷ ಓಡಲು ಬಿಟ್ಟು, ಪಿಚ್ ನಡುವಿಗಿಟ್ಟು, ಸೂಜಿಯ ಎಳೆತ ಇರುವಂತೆ ರೆಕಾರ್ಡ್ ಹಾಕಿಯೇ ಪ್ರಿಸೆಟ್ ತಿರುಗಿಸಿ. ಯಾವ ಸ್ಪೀಡು ಮೊದಲು ಅನ್ನೋದನ್ನು ಸರ್ವಿಸ್ ಮ್ಯಾನುಯಲ್ ಹೇಳುತ್ತದೆ. ಕೆಲವದರಲ್ಲಿ ಒಂದನ್ನು ತಿರುಗಿಸಿದರೆ ಇನ್ನೊಂದೂ ಕದಲುತ್ತದೆ. ಸ್ಟ್ರೋಬ್ ಡಿಸ್ಕ್ (ಸುತ್ತಲೂ ಗೆರೆ ಅಚ್ಚು ಹಾಕಿದ ಬಿಲ್ಲೆ; ಮೇನ್ಸ್ ಲಯಕ್ಕೆ ಮಿನುಗೋ ದೀಪದಡಿ ಸ್ಪೀಡು ಸರಿಯಿದ್ದರೆ ಗೆರೆ ನಿಂತಂತೆ ಕಾಣುತ್ತದೆ) ಇದ್ದರೆ 50 ಹರ್ಟ್ಸ್ ಸಾಲಿನಲ್ಲಿ 33⅓ಕ್ಕೆ 180 ಗೆರೆ. ನಿಮಿಷಕ್ಕೆ ಒಂದು ಗೆರೆ ಸರಿದರೆ ತಪ್ಪು 0.017 ಶೇಕಡಾ, ಹತ್ತು ಸರಿದರೆ 0.17. ತಮಾಷೆ ಇರೋದು 45ರಲ್ಲಿ. ಲೆಕ್ಕದ ಪ್ರಕಾರ 133⅓ ಗೆರೆ ಬೇಕು, ಮೂರನೇ ಒಂದು ಗೆರೆ ಅಂತ ಅಚ್ಚು ಹಾಕೋಕಾಗುತ್ತದೆಯೇ? 133 ಇರುತ್ತವೆ. ಹಾಗಾಗಿ ಆ ಸಾಲು ಅಲುಗದೆ ನಿಂತರೆ ತಟ್ಟೆ 45.11ರಲ್ಲಿ ಓಡುತ್ತಿದೆ ಅಂತ. ಸರಿಯಾದ 45ಕ್ಕೆ ಗೆರೆಗಳು ನಿಮಿಷಕ್ಕೆ ಹದಿನೈದರಂತೆ ನಿಧಾನವಾಗಿ ಹಿಂದಕ್ಕೆ ಹೋಗುತ್ತಿರಬೇಕು. ಇದು ಗೊತ್ತಿಲ್ಲದೆ ಗಂಟೆಗಟ್ಟಲೆ ಪ್ರಿಸೆಟ್ ತಿರುಗಿಸುವವರಿದ್ದಾರೆ. ಎಲ್‌ಇಡಿ ಬಲ್ಬಿನ ಕೆಳಗೆ ಪರೀಕ್ಷೆ ಮಾಡಬೇಡಿ, ಬಹಳಷ್ಟು ಬಲ್ಬು ಮೇನ್ಸ್ ಲಯಕ್ಕೆ ಮಿನುಗುವುದೇ ಇಲ್ಲ. 3150 ಹರ್ಟ್ಸ್ ಟೆಸ್ಟ್ ರೆಕಾರ್ಡ್ ಇದ್ದರೆ ಜಗಳವೇ ಇಲ್ಲ: ಶೇಕಡಾ 1 ಹೆಚ್ಚಾದರೆ 3181.5 ತೋರಿಸುತ್ತದೆ.

ದಿನಬಳಕೆಯಲ್ಲಿ ಒಂದು ಅಭ್ಯಾಸ ಕೈಗೆ ಅಂಟಿಕೊಳ್ಳುತ್ತದೆ. ಸ್ವಿಚ್ ಹಾಕೋ ಮೊದಲು ಪಿಚ್ ತಿರುಪನ್ನು ಈ ತುದಿಯಿಂದ ಆ ತುದಿಗೆ ಮೂರು ಸಲ ತಿರುಗಿಸಿ, ನಡುವಿಗೆ ತರುವುದು. ನಾಲಿಗೆ ಉಜ್ಜಿ ಕಿಲುಬು ಕಳಚುತ್ತದೆ. ಆಮೇಲೆ ಬ್ರಷ್ಷಿನಿಂದ ಧೂಳು ತೆಗೆಯುತ್ತಾ ಚುಕ್ಕೆಗಳ ಕಡೆ ಕಣ್ಣು. ಮೊದಲು ತೇಲುತ್ತವೆ, ಆಮೇಲೆ ನಿಧಾನಿಸುತ್ತವೆ, ಕೊನೆಗೆ ಪಕ್ಕದ ಪುಟ್ಟ ದೀಪದ ಕೆಂಪು ಬೆಳಕಿನಲ್ಲಿ ಅಂಟಿಸಿದ ಹಾಗೆ ನಿಂತುಬಿಡುತ್ತವೆ. ಅಷ್ಟು ನೋಡಿ ಸೂಜಿ ಇಳಿಸಿದರೆ ಸಾಕು. ಬೇರಿಂಗಿಗೆ ಎರಡು ಮೂರು ಹನಿ ತೆಳು ಟರ್ಬೈನ್ ಎಣ್ಣೆ ಬಿಟ್ಟರೆ ಮೋಟಾರ್ ಬೇರೇನೂ ಕೇಳುವುದಿಲ್ಲ.

ಐರನ್ ಹಿಡಿಯಲು ಬರುವವರು ಧೈರ್ಯವಾಗಿ ತಗೊಳ್ಳಿ. ಬಾರದವರು ಕ್ವಾರ್ಟ್ಸ್ ಇರೋದನ್ನು ನೋಡಿ. ಯಾರೇ ಆದರೂ ಕೊಳ್ಳೋ ಮೊದಲು ತಟ್ಟೆ ತಿರುಗಿಸಿ ನೋಡಲೇಬೇಕು. ಪ್ರಿಸೆಟ್ ಹೋದರೆ ಸಂಜೆಯೊಂದರ ಕೆಲಸ. ಡ್ರೈವ್ ಐಸಿ ಸುಟ್ಟಿದ್ದರೆ ಅದೇ ಮಾದರಿಯ ಇನ್ನೊಂದು ಕೆಟ್ಟ ಯಂತ್ರ ಹುಡುಕಿಕೊಂಡು ಹೋಗಬೇಕಾದೀತು.